ಜೋರಾಗಿ ಎಸೆದರೆ ಮಾತ್ರ ಯಾಕೆ ಹೊರಳುತ್ತದೆ?

ಪ್ರಶ್ನೆ: ಮಗಳು ಬಾಲ್ಸಾ ಅನ್ನುವ ಹಗುರ ಮರದಿಂದ ಗ್ಲೈಡರ್ (ಎಂಜಿನ್ ಇಲ್ಲದ ಪುಟ್ಟ ವಿಮಾನ) ಮಾಡಿದ್ದಾಳೆ. ಬಾಲದ ಮೇಲ್ಗಡೆ ಡೋಪ್ (ಮಾದರಿ ವಿಮಾನಕ್ಕೆ ಬಳಿಯುವ ವಾರ್ನಿಶ್‌ನಂಥ ದ್ರವ) ಹಚ್ಚಿದ ಮೇಲೆ ಹಾರಾಟ ಕೆಟ್ಟಿತು. ಮೂಗಿಗೂ ಬಲ ರೆಕ್ಕೆಯ ತುದಿಗೂ ಕ್ಲೇ ಅಂಟಿಸಿದೆವು. ಈಗ ಮೆಲ್ಲಗೆ ಎಸೆದರೆ ನೇರ ಹೋಗುತ್ತದೆ. ಜೋರಾಗಿ ಎಸೆದರೆ ಮೂಗೆತ್ತಿ, ಎಡಕ್ಕೆ ಹೊರಳಿ ಬೀಳುತ್ತದೆ. ಇನ್ನೆಷ್ಟು ಕ್ಲೇ ಹಾಕಬೇಕು?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಇನ್ನು ಕ್ಲೇ ಬೇಡ. ಡೋಪ್ ಹಚ್ಚಿದ ಮೇಲೆ ಅಂಟಿಸಿದ್ದನ್ನೂ ತೆಗೆದುಬಿಡಿ.

ಡೋಪ್ ಒಣಗುವಾಗ ಬಿಗಿಯುತ್ತದೆ. ಒಂದೇ ಬದಿಗೆ ಹಚ್ಚಿದರೆ ತೆಳು ಬಾಲ್ಸಾ ಆ ಕಡೆಗೇ ಸುರುಟುತ್ತದೆ. ಗ್ಲೈಡರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಿಂದಿನಿಂದ ನೋಡಿ. ಅಡ್ಡ ಬಾಲದ ಎಡಭಾಗದಲ್ಲಿ ಹಿಂದಿನ ಅಂಚು ಮೇಲೆದ್ದಿರುವುದು ಬಹುಶಃ ಕಾಣುತ್ತದೆ. ನಿಮ್ಮ ಎರಡೂ ತೊಂದರೆ ಅದೊಂದು ಮೂಲೆಯಿಂದಲೇ ಬರಬಹುದು. ಎದ್ದ ಅಂಚು ಬಾಲವನ್ನು ಕೆಳಕ್ಕೆ ಒತ್ತುತ್ತದೆ, ಮೂಗು ಏಳುತ್ತದೆ. ಎಡಗಡೆ ಮಾತ್ರ ಒತ್ತಿದಾಗ ಗ್ಲೈಡರ್ ಎಡಕ್ಕೆ ವಾಲುತ್ತದೆ. ಒಂದು ಮಿಲಿಮೀಟರ್ ತಾನೇ ಅನ್ನಬೇಡಿ. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 4 ಸೆಂ.ಮೀ. ಇರುವ ಬಾಲದಲ್ಲಿ ಅಂಚು 1 ಮಿ.ಮೀ. ಎದ್ದರೆ ಸುಮಾರು ಒಂದೂವರೆ ಡಿಗ್ರಿ ಓರೆಯಾದ ಹಾಗೆ. ಸಣ್ಣ ಗ್ಲೈಡರಿಗೆ ಅದು ತುಂಬಾ ಜಾಸ್ತಿ.

ಹಾಗಾದರೆ ಮೆಲ್ಲಗೆ ಎಸೆದಾಗ ಯಾಕೆ ಸರಿ ಇರುತ್ತದೆ? ವೇಗ ಎರಡು ಪಟ್ಟಾದರೆ ಗಾಳಿ ಬಾಲವನ್ನು ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಕ್ಲೇ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ನೀವು ಸರಿದೂಗಿಸಿದ್ದು ಒಂದು ವೇಗಕ್ಕೆ ಮಾತ್ರ. ಅದನ್ನು ದಾಟಿದ ಕೂಡಲೇ ಬಾಲದ್ದೇ ಕೈ ಮೇಲು. ಬಾಲ ಮುಟ್ಟಲು ಹೆದರಿ ಮೂಗಿಗೆ ತೂಕ ತುಂಬುವವರೇ ಹೆಚ್ಚು. ದಯವಿಟ್ಟು ಮಗಳಿಗೆ ಆ ಅಭ್ಯಾಸ ಆಗದಿರಲಿ.

ಕೆಟಲ್‌ನಲ್ಲಿ ನೀರು ಕುದಿಸಿ. ಕುಕ್ಕರ್ ಹಬೆ ಬೇಡ, ರಭಸ ಜಾಸ್ತಿ. ಹಬೆಯ ಹತ್ತಿರ ನೀವೇ ಹಿಡಿಯಿರಿ, ಮಗುವಿನ ಕೈಗೆ ಕೊಡಬೇಡಿ. ಸೊಟ್ಟಗಾದ ಮೂಲೆ ಮೆತ್ತಗಾದಾಗ ಕೆಳಕ್ಕೆ ಬಗ್ಗಿಸಿ, ಬೇಕಾದ್ದಕ್ಕಿಂತ ಒಂಚೂರು ಹೆಚ್ಚೇ. ಆರುವ ತನಕ ಬಿಡಬೇಡಿ. ಬಿಟ್ಟ ಮೇಲೆ ಸ್ವಲ್ಪ ವಾಪಸ್ ಬರುತ್ತದೆ. ನೇರವಾಗಿದೆ ಅನ್ನಿಸಿದರೆ ಕೆಳಗಡೆಗೂ ಅಷ್ಟೇ ತೆಳುವಾಗಿ ಡೋಪ್ ಹಚ್ಚಿ. ಮುಟ್ಟಿದರೆ ಅಂಟದಷ್ಟು ಒಣಗಿದಾಗ ಸಮತಟ್ಟಾದ ಹಲಗೆಯ ಮೇಲಿಟ್ಟು, ಅಂಚಿನ ಸುತ್ತ ಪಿನ್ ಚುಚ್ಚಿ, ರಾತ್ರಿಯಿಡೀ ಬಿಡಿ. ಮಲೆನಾಡಿನ ಮಳೆಗಾಲದಲ್ಲಿ ಬಾಲ್ಸಾ ತೇವ ಹೀರಿ ಮತ್ತೆ ಸೊಟ್ಟಗಾಗಬಹುದು. ಹಾರಿಸುವ ಮುಂಚೆ ಪ್ರತಿ ಸಲ ಹಿಂದಿನಿಂದ ಒಮ್ಮೆ ನೋಡಿಕೊಳ್ಳಿ.

ಮೊದಲು ಗಾಳಿಯಿಲ್ಲದ ಬೆಳಿಗ್ಗೆ, ಹುಲ್ಲಿನ ಮೇಲೆ ಮೆಲ್ಲಗೆ ಎಸೆಯಿರಿ. ಆಮೇಲೆ ಸ್ವಲ್ಪ ಸ್ವಲ್ಪವೇ ಜೋರು ಮಾಡಿ. ಅಗಲವಾಗಿ ಒಂದು ಕಡೆ ಸುತ್ತಿದರೆ ತಿದ್ದಲು ಹೋಗಬೇಡಿ. ಮೇಲೇಳುವ ಬಿಸಿಗಾಳಿಯೊಳಗೇ ಸುತ್ತುತ್ತಿರಲಿ ಅಂತ ಫ್ರೀ ಫ್ಲೈಟ್‌ನವರು (ರಿಮೋಟ್ ಇಲ್ಲದೆ ತಾನಾಗಿ ಹಾರುವ ಮಾದರಿ ಹಾರಿಸುವವರು) ಬೇಕಂತಲೇ ಹಾಗೆ ಹೊಂದಿಸುತ್ತಾರೆ.