ಕರ್ನಲ್‌ನ ಪೇಜ್ ಲಾಕ್ ಬಗ್ಗೆ ಬರೆದವರಿಗೆ

ಆತ್ಮೀಯರೇ,

ಚಿತ್ರದುರ್ಗದಿಂದ ನೀವು ಕಳಿಸಿದ ‘ಲಿನಕ್ಸ್‌ನಲ್ಲಿ ಮೆಮೊರಿ ಮತ್ತು ಲಾಕ್’ ಲೇಖನ ಓದಿದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮೆಮೊರಿಯನ್ನು ಹೇಗೆ ಕಾಯುತ್ತದೆ ಎಂಬುದು ಅದರ ವಿಷಯ. ಇದ್ದ ಹಾಗೇ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಕನ್ನಡದಲ್ಲಿ ಈ ವಿಷಯ ಬರೆಯಲು ಕೂರುವವರೇ ಕಡಿಮೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲ ಮೂರು ಹಾಳೆ ತೆಗೆದುಬಿಡಿ. ಆಪರೇಟಿಂಗ್ ಸಿಸ್ಟಂ ಅಂದರೇನು, ಮೆಮೊರಿ ಅಂದರೇನು ಎಂಬುದೆಲ್ಲ ಪರೀಕ್ಷೆಗೆ ಬರೆದ ಉತ್ತರದ ಹಾಗಿದೆ. ಜೀವ ಇರುವುದು ಕೊನೆಯ ಹಾಳೆಯಲ್ಲಿ. ಅಲ್ಲಿ ನೀವೇ ಲೆಕ್ಕ ಹಾಕಿದ್ದೀರಿ: 8 ಜಿಬಿ ಮೆಮೊರಿಯನ್ನು 4 ಕೆಬಿಯ ತುಂಡುಗಳಾಗಿ, ಅಂದರೆ ಪೇಜ್‌ಗಳಾಗಿ, ಒಡೆದರೆ ಸುಮಾರು 21 ಲಕ್ಷ ಪೇಜ್. 64 ಬಿಟ್ ಯಂತ್ರದಲ್ಲಿ ಒಂದೊಂದರ ಬಗ್ಗೆ ಕರ್ನಲ್ ಇಡುವ ವಿವರಕ್ಕೂ ಸಾಮಾನ್ಯವಾಗಿ 64 ಬೈಟ್ ಬೇಕು. ಬರೀ ವಿವರಕ್ಕೇ 128 ಎಂಬಿ! ಲೇಖನ ಇಲ್ಲಿಂದ ಶುರುವಾಗಲಿ. ಜಾಗ ಇಷ್ಟು ಬಿಗಿ ಇರುವುದರಿಂದಲೇ ಪೇಜ್ ಲಾಕ್‌ಗೆ, ಅಂದರೆ ಒಂದು ಪೇಜನ್ನು ಒಮ್ಮೆಗೆ ಒಬ್ಬರ ಕೈಗೇ ಕೊಡುವ ಬೀಗಕ್ಕೆ, ಸಿಕ್ಕಿರುವುದು ಒಂದೇ ಒಂದು ಬಿಟ್. ಲಾಕ್ ಸಿಗಲೆಂದು ಕಾಯುವವರಿಗೂ ಪೇಜಿಗೊಂದು ಸಾಲಿಲ್ಲ, ಹಲವು ಪೇಜ್‌ಗಳಿಗೆ ಸೇರಿ ಒಂದು ಸಾಲು. ಇದನ್ನೂ ಸೇರಿಸಿ.

ಲಾಕ್ ಅಂದರೆ ಒನಕೆ ಓಬವ್ವನ ಕಿಂಡಿ, ಒಮ್ಮೆಗೆ ಒಬ್ಬನೇ ನುಸುಳಬಹುದು ಎಂದಿದ್ದೀರಿ. ನಮ್ಮ ಕಡೆಯವರಿಗೆ ತಟ್ಟನೆ ಹಿಡಿಸುವ ಮಾತು. ಆದರೆ ಆ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕ ವಾಪಸ್ ಹೋಗಲಿಲ್ಲ. ಲಾಕ್ ಹಿಡಿದವನು ಕೆಲಸ ಮುಗಿಸಿ ಬಿಟ್ಟುಕೊಡಲೇಬೇಕು, ಇಲ್ಲದಿದ್ದರೆ ಹಿಂದಿನವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ. ಹೋಲಿಕೆ ಬೇಡ, ನಡೆಯುವುದನ್ನೇ ಬರೆಯಿರಿ.

ಎರಡು ಪ್ರೋಗ್ರಾಂಗಳು ಒಂದೇ ಫೈಲಿನ ಒಂದೇ ಪೇಜ್ ಕೇಳುತ್ತವೆ ಅಂದುಕೊಳ್ಳಿ. ಅದು ಮೆಮೊರಿಯಲ್ಲಿಲ್ಲ. ಮೊದಲನೆಯದಕ್ಕಾಗಿ ಕರ್ನಲ್ ಖಾಲಿ ಪೇಜ್ ತೆಗೆದುಕೊಂಡು, ಲಾಕ್ ಮಾಡಿ, ಪೇಜ್ ಕ್ಯಾಶ್‌ಗೆ (ಫೈಲುಗಳ ಪೇಜ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸಂಗ್ರಹಕ್ಕೆ) ಸೇರಿಸಿ, ಡಿಸ್ಕಿನಿಂದ ತರಲು ಹೇಳುತ್ತದೆ. ಎರಡನೆಯದು ಬಂದಾಗ ಪೇಜ್ ಅಲ್ಲಿದೆ, ಆದರೆ ಮಾಹಿತಿ ಇನ್ನೂ ಬಂದಿಲ್ಲ. ಆಗಲೇ ಓದಿದರೆ ಸಿಗುವುದು ಕಸವೇ ಅಲ್ವಾ? ಹಾಗಾಗಿ ಮಾಹಿತಿ ಬಂದು ಲಾಕ್ ಬಿಡುವವರೆಗೆ ಅದು ನಿದ್ದೆಗೆ ಹೋಗುತ್ತದೆ.

ಸ್ವಾರಸ್ಯ ಇರುವುದು ಎದ್ದ ಮೇಲೆ. ಅಷ್ಟರಲ್ಲಿ ಬೇರೆ ಯಾವುದೋ ಪ್ರೋಗ್ರಾಂ ಆ ಫೈಲನ್ನೇ ಕತ್ತರಿಸಿ ಚಿಕ್ಕದು ಮಾಡಿರಬಹುದು. ಪೇಜ್ ಈಗ ಆ ಫೈಲಿನದ್ದೇ ಅಲ್ಲದಿರಬಹುದು. ಅದಕ್ಕೇ ಕರ್ನಲ್ ಲಾಕ್ ಸಿಕ್ಕ ಮೇಲೂ ಪೇಜ್ ಯಾರದ್ದೆಂದು ಇನ್ನೊಮ್ಮೆ ನೋಡುತ್ತದೆ. ಬದಲಾಗಿದ್ದರೆ ಲಾಕ್ ಬಿಟ್ಟು ಮೊದಲಿನಿಂದ ಶುರು ಮಾಡುತ್ತದೆ. ನಿಮ್ಮ ಲೇಖನದಲ್ಲಿ ಈ ಮಾತೇ ಇಲ್ಲ. ನನ್ನ ಕೇಳಿದರೆ ಇಡೀ ಲೇಖನ ನಿಲ್ಲಬೇಕಾದದ್ದೇ ಇದರ ಮೇಲೆ.

ಸ್ಪಿನ್‌ಲಾಕ್, ಪೇಜ್ ಲಾಕ್ ಎರಡೂ ಒಂದೇ ಎಂದು ಬರೆದದ್ದು ತಪ್ಪು. ಸ್ಪಿನ್‌ಲಾಕ್‌ಗೆ ಕಾಯುವ ಸಿಪಿಯು ನಿದ್ದೆ ಮಾಡದೆ ಸುತ್ತುತ್ತಲೇ ಇರುತ್ತದೆ. ಡಿಸ್ಕಿಗಾಗಿ ಹಾಗೆ ಕಾದರೆ ಸಿಪಿಯು ಸಮಯವೆಲ್ಲ ಸುಮ್ನೆ ದಂಡ.

ಒಂದು ಪ್ರೋಗ್ರಾಮಿನ ಇಡೀ ಮೆಮೊರಿ ನಕ್ಷೆಯನ್ನು ಕಾಯುವ ದೊಡ್ಡ ಲಾಕ್‌ಗೆ ನೀವು ಬಳಸಿದ ಎಂಮ್ಯಾಪ್ ಸೆಮ್ ಎಂಬ ಹೆಸರೂ ಹಳೆಯದು. 2020ರ 5.8 ಆವೃತ್ತಿಯಲ್ಲಿ ಅದು ಎಂಮ್ಯಾಪ್ ಲಾಕ್ ಆಯಿತು. 2023ರ 6.4ರಲ್ಲಿ ಪ್ರೋಗ್ರಾಮಿನ ಮೆಮೊರಿಯ ಒಂದೊಂದು ಭಾಗಕ್ಕೂ ಬೇರೆ ಲಾಕ್ ಬಂತು. ಈಗ ಎಷ್ಟೋ ಪೇಜ್ ಫಾಲ್ಟ್‌ಗಳು (ಪ್ರೋಗ್ರಾಂ ಮುಟ್ಟಿದ ಪೇಜ್ ಸಿದ್ಧವಿಲ್ಲದೆ ಕರ್ನಲ್ ಒದಗಿಸಬೇಕಾದ ಸಂದರ್ಭಗಳು) ಆ ದೊಡ್ಡ ಲಾಕ್ ಮುಟ್ಟದೆಯೇ ಮುಗಿಯುತ್ತವೆ.

ನಾಲ್ಕು ಹಾಳೆಗೆ ಇಳಿಸಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹಳೆಯ ಫಾಂಟ್‌ನಲ್ಲಿ ಬಂದಿದ್ದರಿಂದ ಒತ್ತಕ್ಷರಗಳೆಲ್ಲ ಒಡೆದಿದ್ದವು. ದಾವಣಗೆರೆ ಕಡೆ ಬಂದರೆ ಕಚೇರಿಗೇ ಬನ್ನಿ, ಆ ಎರಡು ಪ್ರೋಗ್ರಾಂಗಳ ಭಾಗವನ್ನು ಕೂತು ತಿದ್ದೋಣ.

ಸಂಪಾದಕ