ಹೆರಾಯಿನ್ ಬಿಟ್ಟು ಮನೆಗೆ ಬಂದ ಮೇಲೂ ಜೀವಕ್ಕೆ ಅಪಾಯ ಇದೆಯಾ?

ನಿಮ್ಮ ತಮ್ಮ ಮೂರು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಹೆರಾಯಿನ್ ಬಿಟ್ಟು ಮನೆಗೆ ಬಂದಿದ್ದಾನೆ, ಇನ್ನು ಜೀವಕ್ಕೇನೂ ಭಯ ಇಲ್ಲ ಅಲ್ವಾ ಎಂದು ಕೇಳಿದ್ದೀರಿ. ಇದೆ. ಹೆದರಿಸಲು ಹೇಳುತ್ತಿಲ್ಲ. ನಾನೂ ಅದೇ ದಾರಿಯಲ್ಲಿ ಬಂದವನು, ಆರು ವರ್ಷ ಅದರಲ್ಲೇ ಬಿದ್ದಿದ್ದೆ, ಆದರೆ ಸಾವಿನ ಬಾಗಿಲಿಗೆ ಹೋಗಿದ್ದು ಚಟ ಜೋರಾಗಿದ್ದಾಗ ಅಲ್ಲ, ಬಿಟ್ಟು 40 ದಿನ ಆದಮೇಲೆ.

ದಿನಾ ತಗೊಳ್ಳುವವನ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ಮೊದಲು ಚಿಟಿಕೆಗೆ ಏರುತ್ತಿದ್ದ ನಶೆ ಆಮೇಲೆ ಅದರ ನಾಲ್ಕು ಪಟ್ಟಿಗೂ ಏರುವುದಿಲ್ಲ. ಬಿಟ್ಟರೆ ಈ ತಾಳಿಕೆ ಕೆಲವೇ ದಿನಗಳಲ್ಲಿ, ವಾರಗಳಲ್ಲಿ ಇಳಿದುಬಿಡುತ್ತದೆ, ತಲೆ ಮಾತ್ರ ಹಳೇ ಲೆಕ್ಕವನ್ನೇ ಇಟ್ಟುಕೊಂಡಿರುತ್ತದೆ. ಒಂದು ದಿನ ಮನಸ್ಸು ಕೆಟ್ಟಿತ್ತು, ಹಳೇ ಅಳತೆಯಲ್ಲೇ ತಗೊಂಡೆ. ಅಷ್ಟೇ. ಇದು ಮೊದಲು ಕೈ ಹಾಕುವುದು ಉಸಿರಿಗೆ. ಉಸಿರಾಡು ಎಂದು ಮೆದುಳು ಕೊಡುವ ಅಪ್ಪಣೆಯೇ ಮಂಕಾಗುತ್ತದೆ. ಜೊತೆಗೆ ಮದ್ಯವೋ ನಿದ್ದೆ ಮಾತ್ರೆಯೋ ಸೇರಿದ್ದರೆ ಇನ್ನೂ ಬೇಗ.

ಆ ದಿನ ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಪಾಪ ಮಲಗಲಿ ಎಂದು ಅಕ್ಕ ಬಾಗಿಲು ಎಳೆದುಕೊಂಡು ಹೋದಳು. ನಾನು ಯಾವತ್ತೂ ಗೊರಕೆ ಹೊಡೆದವನಲ್ಲ ಅನ್ನೋದು ನೆನಪಾಗಿ ವಾಪಸ್ ಬಂದಳು, ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ಆ ಗೊರಗೊರ ನಿದ್ದೆಯ ಸದ್ದಲ್ಲ, ಗಂಟಲು ಸಡಿಲಾಗಿ ಗಾಳಿ ಒಳಗೆ ಹೋಗಲಾರದೆ ಒದ್ದಾಡುವ ಸದ್ದು. ತುಟಿ, ಉಗುರು ನೀಲಿಯಾಗಿತ್ತು. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು.

ಹಾಗೆ ಕಂಡರೆ ಹೆಸರು ಹಿಡಿದು ಕೂಗಿ, ಎದೆ ಮೂಳೆಯ ಮೇಲೆ ಬೆರಳ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ, ಮತ್ತೆ ಏನು ತಗೊಂಡಿದ್ದಾನೆ ಅನ್ನೋದನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಉಸಿರಾಟ ಸರಿಯಾಗಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿಯಾದರೂ ಒಳಗೆ ಸಿಕ್ಕಿಕೊಳ್ಳಬಾರದು. ಉಸಿರು ತೀರಾ ಕಮ್ಮಿಯಾದರೆ ಅಥವಾ ನಿಂತರೆ ಬಾಯಿಯಿಂದ ಉಸಿರು ಕೊಡಬೇಕಾಗುತ್ತದೆ, ಇದನ್ನು ಈಗಲೇ ಯಾರ ಹತ್ತಿರವಾದರೂ ಕಲಿತುಕೊಳ್ಳಿ. ತಣ್ಣೀರು ಸುರಿಯುವುದು, ಕಾಫಿ ಕುಡಿಸುವುದು ಬೇಡ.

ನಲಾಕ್ಸೋನ್ ಅಂತ ಒಂದು ಔಷಧ ಇದೆ, ನಶೆಯನ್ನು ಎರಡು ಮೂರು ನಿಮಿಷದಲ್ಲೇ ಇಳಿಸುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಬಹುದಾ ಎಂದು ತಮ್ಮನ ಡಾಕ್ಟರನ್ನು ಕೇಳಿ. ಆದರೆ ಅದರ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಮೈಯಲ್ಲಿರುವ ಮಾಲು ಅದಕ್ಕಿಂತ ಜಾಸ್ತಿ ಹೊತ್ತು ಉಳಿದರೆ ಉಸಿರು ಮತ್ತೆ ಕುಸಿಯಬಹುದು. ಆ ದಿನ ಆಸ್ಪತ್ರೆಯಲ್ಲಿ ಅದನ್ನು ಕೊಟ್ಟಾಗ ನಾನು ಎದ್ದು ಕೂತವನೇ ಮನೆಗೆ ಹೋಗ್ತೀನಿ ಎಂದು ಜಗಳ ತೆಗೆದಿದ್ದೆ. ನರ್ಸ್ ಬಿಡಲಿಲ್ಲ. ಅವರಿಗೆ ಬೈದಿದ್ದು ಈಗಲೂ ನಾಚಿಕೆ.

ಇನ್ನೊಂದು. ಹೆರಾಯಿನ್ ಬದಲಿಗೆ ಡಾಕ್ಟರ್ ಕೊಡುವ, ಅದರ ಹಂಬಲ ತಡೆಯುವ ಔಷಧ ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್ ಕೊಟ್ಟಿದ್ದರೆ ‘ಇದೂ ಒಂದು ಚಟಾನೇ ತಾನೆ’ ಎಂದು ಮನೆಯವರೇ ನಿಲ್ಲಿಸಿಬಿಡುತ್ತಾರೆ. ನನಗೆ ಇದು ಕೇಳಿದರೆ ಸಿಟ್ಟೇ ಬರುತ್ತದೆ. ಮಧ್ಯದಲ್ಲಿ ನಿಲ್ಲಿಸಿದವರಲ್ಲೇ ಸಾವು ಜಾಸ್ತಿ.

ಅವನು ಸೂಜಿ ಚುಚ್ಚಿಕೊಳ್ಳುತ್ತಿದ್ದನಾ? ಹಾಗಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಹೆಪಟೈಟಿಸ್ ಸಿ ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ತಿನ್ನುತ್ತದೆ, ಈಗ ಹೆಚ್ಚಿನವರಿಗೆ 8ರಿಂದ 12 ವಾರದ ಮಾತ್ರೆಯಲ್ಲೇ ವಾಸಿಯಾಗುತ್ತದೆ. ನನಗೆ ಅದು ಇದೆ ಅಂತ ಗೊತ್ತಾಗಿದ್ದು ಬಿಟ್ಟು ಎರಡು ವರ್ಷ ಆದಮೇಲೆ, ಅದೂ ಬೇರೇನಕ್ಕೋ ರಕ್ತ ಕೊಟ್ಟಾಗ.