ಇದು ಸೋಮಾರಿತನವಲ್ಲ

ರಾತ್ರಿ 3 ಗಂಟೆಯವರೆಗೆ ಓದಿದರೂ ತಲೆಯಲ್ಲಿ ಏನೂ ನಿಲ್ಲುತ್ತಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಇದು ಸೋಮಾರಿತನವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು. ಮೊದಲು ಏಳುವ ಹೊತ್ತನ್ನು ನಿಗದಿ ಮಾಡಿಕೊಳ್ಳಿ, ರಜೆಯ ದಿನವೂ ಅದೇ ಹೊತ್ತಿಗೆ ಏಳಿ. ಸಂಜೆಯ ಕಾಫಿ ಬಿಡಿ. ಕುಡಿದು 5 ಗಂಟೆ ಕಳೆದರೂ ಸುಮಾರು ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಆಸಕ್ತಿಯಿಲ್ಲ ಎಂಬ ನಿಮ್ಮ ಮಾತು. ಅದು 2 ವಾರ ಬಿಡದೆ ಇದ್ದರೆ ಖಿನ್ನತೆಯ ಲಕ್ಷಣವಿರಬಹುದು. ಈ ವಾರವೇ ಕಾಲೇಜಿನ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ. ಮಾತು ತೋಚದಿದ್ದರೆ ಇಲ್ಲಿ ಬರೆದದ್ದನ್ನೇ ಅವರ ಮುಂದೆ ಓದಿ, ಸಾಕು. ಸಾಯುವ ಯೋಚನೆ ಸುಳಿದರೆ ಮಾತ್ರ ನಾಳೆಗೆ ಕಾಯಬೇಡಿ, ಆ ಕ್ಷಣವೇ ಹತ್ತಿರದವರಿಗೆ ಹೇಳಿ, ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ.